ಕಾಗದದ ಮೇಲಿನ ಮರ

ಪ್ರೀತಿಯ ಪುಟ್ಟಿ,

ತೋಟಗಾರಿಕೆ ಓದಲಾ, ಗಾರ್ಡನ್ ಡಿಸೈನ್ ಓದಲಾ ಅಂತ ನೀನು ಕೇಳಿದ್ದೆ. ನಾನು ಫೋನಿನಲ್ಲಿ ‘ನೋಡೋಣ’ ಅಂದು ಜಾರಿಕೊಂಡೆ. ಅವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ನೀನು ಬಿಟ್ಟುಹೋದ ನಕ್ಷೆ ನನ್ನ ಮೇಜಿನ ಮೇಲೇ ಇದೆ. ಕಾಲುದಾರಿ ಬಳುಕಿಕೊಂಡು ಹೋಗಿ ಬೆಂಚಿನ ಹತ್ತಿರ ನಿಲ್ಲುವುದು ತುಂಬಾ ಇಷ್ಟವಾಯಿತು. ಬೆಂಚಿನ ಪಕ್ಕ ಮರ ಅಂತ ಒಂದು ಸಣ್ಣ ಸುತ್ತು ಹಾಕಿದ್ದೀಯ. ಸ್ಕೇಲ್ ಇಟ್ಟು ಅಳೆದೆ. ನಿನ್ನ ಲೆಕ್ಕದಲ್ಲಿ 2 ಮೀಟರ್ ಅಗಲ. ಅದು ನೆಟ್ಟ ಹೊಸತರ ಮರವೋ, 20 ವರ್ಷ ಕಳೆದ ಮರವೋ? 20 ವರ್ಷದ ಹೊತ್ತಿಗೆ ಕೊಂಬೆಗಳು ಹರಡಿ ಬುಡದಲ್ಲಿ ಬಿಸಿಲೇ ಇರುವುದಿಲ್ಲ. ನೀನು ಸುತ್ತಲೂ ಬರೆದಿರುವ ಹೂಗಿಡಗಳಿಗೋ ಬಿಸಿಲು ಬೇಕೇ ಬೇಕು.

ತಪ್ಪು ಹುಡುಕುತ್ತಿಲ್ಲ ಮಾರಾಯ್ತಿ. ನಾನೇ ಒಮ್ಮೆ ಸಸಿ ಗಟ್ಟಿಯಾಗಿ ನಿಲ್ಲಲಿ ಅಂತ ಕಾಂಡದ ಬುಡ ಮುಳುಗುವಷ್ಟು ಆಳಕ್ಕೆ ನೆಟ್ಟಿದ್ದೆ. 3 ವರ್ಷ ಸೊರಗಿ ಸೊರಗಿ ಹೋಯಿತು. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ನೀರು ಹಾಕಿದ್ದೆ! ಬೇರಿಗೂ ಗಾಳಿ ಬೇಕು, ಮಣ್ಣಲ್ಲಿ ಹೂತ ತೊಗಟೆ ಕೊಳೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ತೋಟಗಾರಿಕೆಯಲ್ಲಿ ಕಲಿಸುವುದು ಇಂಥವನ್ನೇ. ಕಸಿ ಕಟ್ಟುವಾಗ ತೊಗಟೆಯ ಒಳಗಿನ ತೆಳು ಪದರಕ್ಕೆ ಪದರ ಕೂಡಿಸುವುದು ಪುಸ್ತಕ ನೋಡಿದರೆ ಬರುವುದಿಲ್ಲ, ಅಲ್ವಾ?

ಡಿಸೈನ್ ಸುಮ್ನೆ ಅಲಂಕಾರ ಅಂತ ನಾನು ಹೇಳುವುದಿಲ್ಲ. ಇಳಿಜಾರಿನಲ್ಲಿ ಮಳೆನೀರು ಎತ್ತ ಹೋಗುತ್ತದೆ, ಜನ ಎಲ್ಲಿ ನಡೆದು ಎಲ್ಲಿ ನಿಲ್ಲುತ್ತಾರೆ ಅಂತ ಮೊದಲೇ ಕಾಣುವ ಕಣ್ಣು ಬೇಕು. ಇಂಗ್ಲೆಂಡಿನಲ್ಲಿ ತೋಟಗಳ ವಿನ್ಯಾಸಕ್ಕೆ ಹೆಸರಾದ ಗರ್ಟ್ರೂಡ್ ಜೀಕಲ್ ಕಲಿತದ್ದು ಚಿತ್ರಕಲೆ. ತೋಟಕ್ಕೆ ಬಣ್ಣ ಜೋಡಿಸಿದ್ದು ಆ ಕಣ್ಣಿನಿಂದಲೇ. ಆದರೆ ಅವರೂ ಸ್ವಂತ ನರ್ಸರಿ ನಡೆಸಿದರು. ನೆದರ್‌ಲೆಂಡ್ಸಿನ ತೋಟ ವಿನ್ಯಾಸಕ ಪೀಟ್ ಔಡಾಲ್ಫ್ 1982ರಲ್ಲಿ ಹುಮ್ಮೆಲೊ ಎಂಬ ಹಳ್ಳಿಗೆ ಹೋಗಿ, ಬೇಕಾದ ಗಿಡ ತಾವೇ ಬೆಳೆಸಿಕೊಂಡರು. ಒಣಗಿದ ಮೇಲೂ ಬೀಜದ ತೆನೆ ಹೇಗೆ ಕಾಣುತ್ತದೆ ಅಂತ ನೋಡಿ ಗಿಡ ಆರಿಸುವವರು ಅವರು. ನ್ಯೂಯಾರ್ಕಿನ ಹಳೇ ರೈಲು ಹಳಿಯ ಮೇಲಿನ ಹೈಲೈನ್ ಉದ್ಯಾನಕ್ಕೂ ಗಿಡ ಆರಿಸಿದ್ದು ಅವರೇ.

ನನ್ನ ಮನಸ್ಸು ತೋಟಗಾರಿಕೆ ಮೊದಲು ಅನ್ನುತ್ತದೆ. ಆದರೂ ಅರ್ಜಿ ಹಾಕುವ ಮುಂಚೆ ಒಂದು ತಿಂಗಳು ಯಾವುದಾದರೂ ನರ್ಸರಿಯಲ್ಲಿ ಕುಂಡ ತುಂಬು, ಕಳೆ ಕೀಳು. ಅಲ್ಲೂ ಬಿಡುವಾದಾಗೆಲ್ಲ ಕೈ ಪೆನ್ಸಿಲ್ ಹುಡುಕುತ್ತಿದ್ದರೆ ಡಿಸೈನ್‌ಗೇ ಸೇರು. ನನ್ನ ತಕರಾರಿಲ್ಲ.

ನಕ್ಷೆ ಇದರ ಜೊತೆ ಕಳಿಸುತ್ತಿದ್ದೇನೆ. ಆ ಸುತ್ತನ್ನು ಮಾತ್ರ ಪೆನ್ಸಿಲಿನಲ್ಲಿ ದೊಡ್ಡದು ಮಾಡಿದ್ದೇನೆ. ಬೆಂಚು ಎತ್ತ ಸರಿಸುತ್ತೀಯೋ ನೀನೇ ನೋಡು.

ನಿನ್ನ
ಅಪ್ಪ