ಶನಿವಾರ ಲಂಡನ್ ನೆಲದಡಿಯ ರೋಮನ್ ಗುಡಿಗೆ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ವಾಲ್‌ಬ್ರೂಕ್ ಬೀದಿಯ ಮಿತ್ರಾಸ್ (ರೋಮನ್ನರು ಪೂಜಿಸುತ್ತಿದ್ದ ಒಬ್ಬ ದೇವರು) ಗುಡಿ ನೋಡಲು ಹೋಗುತ್ತಿದ್ದೇವೆ. ಬೆಳಿಗ್ಗೆ 10.15ಕ್ಕೆ ಕ್ಯಾನನ್ ಸ್ಟ್ರೀಟ್ ಸ್ಟೇಷನ್ ಮುಂದೆ ಸೇರೋಣ. ಟಿಕೆಟ್ ಉಚಿತ, ಆದರೆ ಮೊದಲೇ ಬುಕ್ ಮಾಡುವುದು ಒಳ್ಳೆಯದು. ಹಾಗಾಗಿ ಬರುವವರು ಬುಧವಾರ ರಾತ್ರಿಯೊಳಗೆ ಹೆಸರು, ಎಷ್ಟು ಜನ ಅಂತ ಇಲ್ಲೇ ಬರೆಯಿರಿ.

ಮೊದಲ ಸಲ ಬರುವವರಿಗೆ ಸ್ವಲ್ಪ ಹಿನ್ನೆಲೆ. ಕ್ರಿ.ಶ. 240ರ ಸುಮಾರಿಗೆ ಕಟ್ಟಿದ ಈ ಗುಡಿ ಈಗಿರುವುದು ರಸ್ತೆಯಿಂದ ಸುಮಾರು 7 ಮೀಟರ್ ಕೆಳಗೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಹಾಳಾಗಿದ್ದ ಜಾಗವನ್ನು ಪುರಾತತ್ವಜ್ಞ ಡಬ್ಲ್ಯೂ. ಎಫ್. ಗ್ರೈಮ್ಸ್ ಅಗೆಸಿದಾಗ, 1954ರಲ್ಲಿ ಮಿತ್ರಾಸ್ ದೇವರ ಅಮೃತಶಿಲೆಯ ತಲೆ ಸಿಕ್ಕಿತು. ನೋಡಲು ಸಾವಿರಾರು ಜನ ಸಾಲು ನಿಂತರು. ಆಮೇಲೆ ಕಲ್ಲುಗಳನ್ನು ಕಿತ್ತು ಬೇರೆ ಕಡೆ ಜೋಡಿಸಿದ್ದರು. 2017ರಲ್ಲಿ ಬ್ಲೂಮ್‌ಬರ್ಗ್ ಕಂಪನಿಯ ಕಟ್ಟಡದ ಅಡಿಯಲ್ಲಿ, ಮೂಲ ಜಾಗದ ಹತ್ತಿರವೇ ಮತ್ತೆ ತೆರೆದರು.

ನನಗೆ ಗುಡಿಗಿಂತ ಜಾಸ್ತಿ ಇಷ್ಟ ಅಲ್ಲಿ ಸಿಕ್ಕ 400ಕ್ಕೂ ಹೆಚ್ಚು ಮರದ ಬರಹದ ಹಲಗೆಗಳು. ವಾಲ್‌ಬ್ರೂಕ್ ತೊರೆಯ ಒದ್ದೆ ಕೆಸರಿನಲ್ಲಿ ಗಾಳಿ ತಾಗದೆ ಮರ ಉಳಿದುಕೊಂಡಿದೆ. ಒಂದು ಸಾಲದ ಪತ್ರದಲ್ಲಿ ಕ್ರಿ.ಶ. 57ರ ಜನವರಿ 8ರ ತಾರೀಖೇ ಇದೆ! 105 ದಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ಹಿಂದಿರುಗಿಸುತ್ತೇನೆ ಅಂತ ಒಬ್ಬ ಬರೆದುಕೊಟ್ಟಿದ್ದಾನೆ.

ಗುಡಿಯೊಳಗೆ ಕತ್ತಲೆ, ಮಂಜು, ಮಂತ್ರದಂಥ ದನಿಗಳಿರುತ್ತವೆ. ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿಡಿ. ಹಿರಿಯರಿಗೆ ಲಿಫ್ಟ್ ಇದೆ. ದೊಡ್ಡ ಬ್ಯಾಗ್ ಬೇಡ.

ಅಲ್ಲಿಂದ ಗಿಲ್ಡ್‌ಹಾಲ್‌ಗೆ ನಡೆದೇ ಹೋಗಬಹುದು. ಅದರ ಅಂಗಳದಡಿಯಲ್ಲಿ 1988ರಲ್ಲಿ ರೋಮನ್ ಕಾಲದ ಕ್ರೀಡಾಂಗಣ ಸಿಕ್ಕಿತ್ತು. ಇದಕ್ಕೂ ಬರುವವರು ಹೆಸರಿನ ಜೊತೆ "ಎರಡೂ" ಅಂತ ಹಾಕಿ. ಬರಲಾಗದಿದ್ದರೆ ಶುಕ್ರವಾರದೊಳಗೆ ದಯವಿಟ್ಟು ತಿಳಿಸಿ, ಆ ಜಾಗ ಬೇರೆಯವರಿಗೆ ಕೊಡಬಹುದು.