ಅಟೆನ್ಷನ್ ಸೀಕಿಂಗ್ ಅಂತ ಬೈಯೋದು ಸಾಕು

ಮಾನ್ಯ ಸಂಪಾದಕರೇ,

ದಿನಕ್ಕೊಂದು ಡಿಪಿ ಬದಲಾಯಿಸೋರು, ಕೂತಲ್ಲಿ ನಿಂತಲ್ಲಿ ಸೆಲ್ಫಿ ಹಾಕೋರು ಎಲ್ಲಾ ಬರೀ ಶೋಕಿಗೆ ಮಾಡ್ತಾರೆ, ಅಟೆನ್ಷನ್ ಸೀಕಿಂಗ್ ಅಂತ ಬೈಯೋ ಪತ್ರಗಳು ವಾಚಕರ ವಿಭಾಗದಲ್ಲಿ ಆಗಾಗ ಬರ್ತಾನೇ ಇರ್ತವೆ. ಓದಿದಾಗೆಲ್ಲ ಬೇಜಾರಾಗುತ್ತೆ. ನಾಲ್ಕು ಜನ ನಮ್ಮನ್ನ ನೋಡ್ಲಿ, ಚೆನ್ನಾಗಿ ಕಾಣ್ತೀಯ ಅನ್ಲಿ ಅನ್ನೋ ಆಸೆ ಮೊಬೈಲ್ ಬರೋಕೆ ಮುಂಚೇನೂ ಇತ್ತು, ಸ್ಟುಡಿಯೋಗೆ ಫೋಟೋ ತೆಗೆಸೋಕೆ ಹೋಗುವಾಗ ಇದ್ದಿದ್ರಲ್ಲೇ ಒಳ್ಳೇ ಬಟ್ಟೆ ಹಾಕ್ಕೊಂಡು ತಲೆ ಬಾಚ್ಕೊಂಡು ಹೋಗ್ತಿದ್ವಿ, ಆಮೇಲೆ ಅದಕ್ಕೆ ಕಟ್ಟು ಹಾಕಿಸಿ ಮನೆಗೆ ಬಂದೋರಿಗೆಲ್ಲ ಕಾಣೋ ಜಾಗದಲ್ಲೇ ತಗುಲಿ ಹಾಕ್ತಿದ್ವಿ. ಆಗ ಯಾರೂ ಅದನ್ನ ರೋಗ ಅನ್ಲಿಲ್ಲ.

ಆಸೆ ಹಳೇದೇ, ಫೋಟೋ ಕೆಳಗೆ ಬಂದು ಕೂತಿರೋ ನಂಬರ್ ಮಾತ್ರ ಹೊಸದು. ಫೇಸ್‌ಬುಕ್‌ಗೆ ಲೈಕ್ ಬಟನ್ ಬಂದಿದ್ದು 2009ರಲ್ಲಿ. ಅದಕ್ಕೂ ಮುಂಚೆ ಇಷ್ಟ ಆಯ್ತು ಅಂದ್ರೆ ಎರಡು ಸಾಲು ಬರೀಬೇಕಿತ್ತು, ಈಗ ಬೆರಳು ಮುಟ್ಟಿಸಿದ್ರೆ ಮುಗೀತು, ಎಷ್ಟು ಜನ ಮುಟ್ಟಿಸಿದ್ರು ಅನ್ನೋದು ಊರಿಗೆಲ್ಲ ಕಾಣುತ್ತೆ, ನೋಟಿಸ್ ಬೋರ್ಡಲ್ಲಿ ಮಾರ್ಕ್ಸ್ ಹಾಕ್ತಾರಲ್ಲ ಹಾಗೆ.

ನನ್ನ ತಂಗಿ ಮಗಳು ಕಾಲೇಜಿಗೆ ಹೋಗೋ ಹುಡುಗಿ. ಅವಳು ಇನ್‌ಸ್ಟಾಗ್ರಾಮ್‌ಗೆ ಒಂದು ಫೋಟೋ ಹಾಕೋದನ್ನ ಪಕ್ಕದಲ್ಲೇ ಕೂತು ನೋಡಿದೀನಿ. ಕಿಟಕಿ ಹತ್ರ ನಿಂತು ರಾಶಿ ಫೋಟೋ ತೆಗೆದು, ಅದರಲ್ಲಿ ಒಂದು ಆರಿಸಿ, ಕೆನ್ನೆ ಮೇಲಿನ ಮೊಡವೆ ಅಳಿಸಿ, ಫಿಲ್ಟರ್ ಹಾಕಿ ತೆಗೆದು ಮತ್ತೆ ಹಾಕಿ, ಕ್ಯಾಪ್ಷನ್ ಬರೆದು ಅಳಿಸಿ, ಕೊನೆಗೆ ಏನೂ ಬರೀದೆ ಬರೀ ಒಂದು ಎಮೋಜಿ ಇಟ್ಟು ಪೋಸ್ಟ್ ಮಾಡಿದ್ಲು. ಫೋನ್ ಬೋರಲು ಹಾಕಿದ್ಲು, ಎತ್ಕೊಂಡ್ಲು, ಸ್ಕ್ರೀನ್ ಕೆಳಗೆ ಎಳೆದು ನೋಡಿದ್ಲು, ಮತ್ತೆ ಬೋರಲು ಹಾಕಿದ್ಲು. ಸ್ವಲ್ಪ ಹೊತ್ತಿಗೆ ಆ ಫೋಟೋನೇ ಇಲ್ಲ. ಯಾಕೇ ತೆಗೆದೆ, ಚೆನ್ನಾಗಿತ್ತಲ್ಲ ಅಂದ್ರೆ, "ಲೈಕೇ ಬರ್ಲಿಲ್ಲ ದೊಡ್ಡಮ್ಮ, ನೋಡಿದೋರು ಏನಂದ್ಕೋತಾರೆ" ಅಂದ್ಲು. ಫೋಟೋ ಅವಳಿಗೆ ಇಷ್ಟ ಆಗಿತ್ತು, ಅದರ ಕೆಳಗಿನ ಸಣ್ಣ ನಂಬರ್ ನಾಲ್ಕು ಜನಕ್ಕೆ ಕಾಣುತ್ತಲ್ಲ ಅನ್ನೋದೇ ಅವಳಿಗೆ ಅವಮಾನ. ಇಂಥ ಹುಡುಗಿಗೆ ಶೋಕಿ ಅಂತ ಬೈದ್ರೆ ಏನು ಬಂತು?

ದೊಡ್ಡೋರೂ ಏನು ಕಮ್ಮಿ ಇಲ್ಲ. ವಾಟ್ಸಾಪ್ ಸ್ಟೇಟಸ್ ಹಾಕಿ ಕಣ್ಣಿನ ಗುರುತು ಒತ್ತಿ ಯಾರ್ಯಾರು ನೋಡಿದಾರೆ ಅಂತ ಲಿಸ್ಟ್ ತೆಗೆಯೋದು, ನೋಡಿಯೂ ಒಂದು ಮಾತು ಹೇಳ್ಲಿಲ್ಲ ಅಂತ ಒಳಗೊಳಗೇ ಮುನಿಸ್ಕೊಳ್ಳೋದು, ಇದರಿಂದ ಮಾತು ಬಿಟ್ಟಿರೋ ಅಕ್ಕ ತಂಗಿಯರನ್ನೂ ಕಂಡಿದೀನಿ.

ಇದು ತಾನಾಗೇ ಆಗಿದ್ದೂ ಅಲ್ಲ. ಫೇಸ್‌ಬುಕ್‌ನ ಮೊದಲನೇ ಪ್ರೆಸಿಡೆಂಟ್ ಆಗಿದ್ದ ಶಾನ್ ಪಾರ್ಕರ್ 2017ರಲ್ಲಿ ಬಾಯಿಬಿಟ್ಟು ಒಪ್ಕೊಂಡ್ರು, ಜನರ ಸಮಯ ಮತ್ತು ಗಮನ ಆದಷ್ಟು ಹಿಡಿದಿಡೋದು ಹೇಗೆ ಅಂತ ಯೋಚಿಸಿಯೇ ಇದನ್ನ ಕಟ್ಟಿದ್ದು, ಲೈಕು ಕಾಮೆಂಟು ಬಂದಾಗ ಸಿಗೋ ಆ ಪುಟ್ಟ ಖುಷಿಗೆ ಜನ ಮತ್ತೆ ಮತ್ತೆ ಪೋಸ್ಟ್ ಹಾಕ್ತಾರೆ ಅನ್ನೋದು ಗೊತ್ತಿದ್ದೇ ಮಾಡಿದ್ದು ಅಂತ. 2019ರಲ್ಲಿ ಇನ್‌ಸ್ಟಾಗ್ರಾಮ್ ಕೆಲವು ದೇಶಗಳಲ್ಲಿ ಲೈಕ್ ಲೆಕ್ಕ ಮರೆಮಾಡಿ ನೋಡ್ತು, 2021ರಲ್ಲಿ ಬೇಕಾದೋರು ಮರೆಮಾಡ್ಕೊಳ್ಳಿ ಅಂತ ಎಲ್ರಿಗೂ ಆಯ್ಕೆ ಕೊಡ್ತು. ಆದ್ರೆ ನಾವೇ ಹುಡುಕ್ಕೊಂಡು ಹೋಗಿ ಒತ್ತೋ ತನಕ ಲೆಕ್ಕ ಕಾಣ್ತಾನೇ ಇರುತ್ತೆ. ನನ್ನ ಪ್ರಕಾರ ಇದು ತಿರುಗಾ ಮುರುಗಾ ಆಗ್ಬೇಕಿತ್ತು, ಮೊದಲೇ ಮುಚ್ಚಿಟ್ಟು, ಬೇಕಾದೋರು ತೆರೆದು ನೋಡ್ಲಿ ಅನ್ಬೇಕಿತ್ತು.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಮುಖ್ಯ. ಯಾರನ್ನೂ ನಂಬಬಾರದು, ಸಾಕಾಗಿದೆ, ನಾನು ಯಾರಿಗೂ ಬೇಡ, ಈ ಥರ ಸ್ಟೇಟಸ್ ರಾತ್ರಿ ಹೊತ್ತು ಹಾಕೋರು ಇರ್ತಾರೆ. ಡ್ರಾಮಾ ಅಂತ ನಕ್ಕು ಮುಂದಿನ ಸ್ಟೇಟಸ್‌ಗೆ ಹೋಗ್ತೀವಿ. ಗಮನ ಬೇಕು ಅಂತಾನೇ ಹಾಕಿದಾರೆ ಅಂದ್ಕೊಳ್ಳೋಣ, ಗಮನ ಬೇಕಾಗಿರೋದು ತಪ್ಪಾ? ಎದುರಾಎದುರು ಹೇಳೋಕೆ ಬಾಯಿ ಬರ್ದೆ ಅಲ್ಲಿ ಬರೆದಿರ್ತಾರೆ. ಕೆಳಗೆ ಒಂದು ಅಳೋ ಎಮೋಜಿ ಒತ್ತೋ ಬದಲು ಫೋನ್ ಮಾಡಿ ಊಟ ಆಯ್ತಾ, ಏನಾಯ್ತು ಅಂತ ಕೇಳಿ. ಏನಿಲ್ಲ ಸುಮ್ನೆ ಹಾಕಿದ್ದೆ ಅಂದ್ರೂ ಪರವಾಗಿಲ್ಲ, ಫೋನ್ ಮಾಡಿದ್ದು ದಂಡ ಆಗಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಹೊಸ ಮೊಬೈಲ್ ಬಂತು ಅಂತ ಅರ್ಧ ಪುಟ ಬರೀತೀರಿ, ಅದರ ಜೊತೆ ಈ ಲೈಕ್ ಲೆಕ್ಕ ಮುಚ್ಚೋದು ಹೇಗೆ ಅಂತ ಚಿತ್ರ ಸಮೇತ ಹಾಕಿ. ಇನ್‌ಸ್ಟಾಗ್ರಾಮ್‌ನಲ್ಲಿ ನಮ್ಮ ಪೋಸ್ಟ್ ಮೇಲಿನ ಮೂರು ಚುಕ್ಕೆ ಒತ್ತಿದ್ರೆ ಆ ಆಯ್ಕೆ ಸಿಗುತ್ತೆ, ವಾಟ್ಸಾಪ್‌ನಲ್ಲಿ ರೀಡ್ ರಿಸೀಟ್ಸ್ (ಮೆಸೇಜ್ ಓದಿದ್ದನ್ನ ತೋರಿಸೋ ಸೆಟ್ಟಿಂಗ್) ಆಫ್ ಮಾಡಿದ್ರೆ ನಮ್ಮ ಸ್ಟೇಟಸ್ ಯಾರು ನೋಡಿದ್ರು ಅನ್ನೋ ಲಿಸ್ಟೇ ಬರಲ್ಲ. ಮಕ್ಕಳ ಫೋನ್ ಕಿತ್ಕೊಳ್ಳೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತಾಗ್ಲಿ, ಪಕ್ಕದಲ್ಲಿ ಕೂತು ಅವರೇ ಮಾಡ್ಕೊಡಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು