ಹೊಗೆ ಅಳೆದದ್ದು ಯಾವ ದಿನ?

ಮಾನ್ಯ ಸಂಪಾದಕರೇ,

ಕಸ ಸುಟ್ಟು ವಿದ್ಯುತ್ ಮಾಡುವ ಘಟಕಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಘಟಕದ ಪರ ಇರುವವರು 'ಎಲ್ಲ ಮಿತಿಯೊಳಗೇ ಇದೆ' ಎನ್ನುತ್ತಾರೆ. ವಿರೋಧಿಸುವವರು ಚಿಮಣಿಯ ಫೋಟೊ ತೋರಿಸುತ್ತಾರೆ. ನನಗೆ ಎರಡೂ ಸಾಲದು ಅನ್ನಿಸಿತು. ಚಿಮಣಿಯಿಂದ ಏಳುವ ಬಿಳಿ ಮೋಡದಲ್ಲಿ ಬಹುಪಾಲು ನೀರಾವಿ. ಹೆದರಬೇಕಾದದ್ದು ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು 'ಮಿತಿಯೊಳಗೆ' ಅಂದರೆ, ಯಾವತ್ತು ಅಳೆದದ್ದು?

ಕಸ ಸುಡುವಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷದ ವಿಷಯವನ್ನೇ ನೋಡಿ. ಯುರೋಪಿನ ನಿಯಮದಲ್ಲಿ ಒಂದು ಘನ ಮೀಟರ್ ಹೊಗೆಯಲ್ಲಿ ಅದು 0.1 ನ್ಯಾನೋಗ್ರಾಂ ದಾಟುವಂತಿಲ್ಲ. ಒಂದು ಗ್ರಾಮನ್ನು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಇಷ್ಟು ಬಿಗಿ ಯಾಕೆಂದರೆ, ಇದು ಒಮ್ಮೆ ಮೈ ಸೇರಿದರೆ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಅರ್ಧದಷ್ಟು ಇಳಿಯಲಿಕ್ಕೇ 7ರಿಂದ 11 ವರ್ಷ ಬೇಕು. ಅದೂ ಉಸಿರಿನಿಂದ ಬರುವುದಕ್ಕಿಂತ ಊಟದಿಂದ ಬರುವುದೇ ಜಾಸ್ತಿ. ಹುಲ್ಲಿನ ಮೇಲೆ ಬಿದ್ದದ್ದು ದನದ ಹೊಟ್ಟೆಗೆ, ಅಲ್ಲಿಂದ ಹಾಲಿಗೆ.

ಮಿತಿಯೇನೋ ಸರಿ. ಅಳೆಯುವುದು ಹೇಗೆ? 2010ರ ಯುರೋಪಿನ ಕಾನೂನು ಕೇಳುವುದು ವರ್ಷಕ್ಕೆ ಕನಿಷ್ಠ ಎರಡು ಸಲ. ಒಂದೊಂದು ಸಲಕ್ಕೆ 6ರಿಂದ 8 ಗಂಟೆ. ಅಂದರೆ ಎರಡೇ ಸಲ ಅಳೆದರೆ ವರ್ಷದ 8,760 ಗಂಟೆಗಳಲ್ಲಿ ಹೆಚ್ಚೆಂದರೆ 16 ಗಂಟೆ. ಚಿಮಣಿ ಹತ್ತಿ ಉಪಕರಣ ಜೋಡಿಸಬೇಕು, ಹಾಗಾಗಿ ತಂಡ ಬರುವ ದಿನ ಘಟಕಕ್ಕೆ ಮೊದಲೇ ಗೊತ್ತಿರುತ್ತದೆ. ನೆಂಟರು ಬರುವ ದಿನ ಯಾರ ಮನೆಯೂ ಗಲೀಜಾಗಿರುವುದಿಲ್ಲ, ಅಲ್ವಾ?

ಇಂಥ ಒಂದು ಘಟಕದ ಕಂಟ್ರೋಲ್ ರೂಮಿನಲ್ಲಿ ನಾನು ಅರ್ಧ ದಿನ ಕೂತಿದ್ದೆ. ಕಸದಿಂದ ಎದ್ದ ಅನಿಲ ಕನಿಷ್ಠ 850 ಡಿಗ್ರಿ ಶಾಖದಲ್ಲಿ ಎರಡು ಸೆಕೆಂಡಾದರೂ ಇರಬೇಕು ಅನ್ನುವುದು ನಿಯಮ. ಪರದೆಯ ಮೇಲೆ ಶಾಖದ ಗೆರೆ 900ರ ಮೇಲೆ ಆರಾಮಾಗಿ ಹೋಗುತ್ತಿತ್ತು. ಕ್ರೇನು ಒಂದು ಹಿಡಿ ಒದ್ದೆ ಕಸ ತಂದು ಸುರಿಯಿತು. ಸ್ವಲ್ಪ ಹೊತ್ತಿಗೆ ಗೆರೆ ಬಾಗತೊಡಗಿತು. 890, 875, 862. ಆಪರೇಟರು ಟೀ ಲೋಟ ಪಕ್ಕಕ್ಕಿಟ್ಟು ಎಣ್ಣೆ ಬರ್ನರ್ ಹಚ್ಚಿದ. 'ಒದ್ದೆ ಕಸ ಅಂದ್ರೆ ಇದೇ ಗೋಳು' ಎಂದ. ಅವನ ಕೈ ಚುರುಕಾಗಿತ್ತು, ಗೆರೆ ಮತ್ತೆ ಮೇಲೆ ಹೋಯಿತು.

ಕುಲುಮೆ ನಿಂತು ಮತ್ತೆ ಹೊತ್ತಿಕೊಳ್ಳುವ ದಿನ ಮಾತ್ರ ಕೈಚಳಕ ಇಷ್ಟು ಸಲೀಸಲ್ಲ. ತಣ್ಣಗಿನ ಕುಲುಮೆಯಲ್ಲಿ ಉರಿ ಅರೆಬರೆ, ಮಸಿ ಜಾಸ್ತಿ. ಆ ಮಸಿ ಕೊಳವೆಗಳ ಒಳಗೆ ಅಂಟಿಕೊಳ್ಳುತ್ತದೆ. ಅನಿಲ ತಣಿಯುತ್ತಾ 450 ಡಿಗ್ರಿಯಿಂದ 200ಕ್ಕೆ ಇಳಿಯುವಾಗ ಅದೇ ಮಸಿಯ ಮೇಲೆ ಡಯಾಕ್ಸಿನ್ ಹೊಸದಾಗಿ ಹುಟ್ಟುತ್ತದೆ. ಹೊತ್ತಿಸಿ ದಿನಗಳು ಕಳೆದ ಮೇಲೂ ಅದರ ಪರಿಣಾಮ ಉಳಿದಿರಬಹುದು. ಆದರೆ ಮಿತಿ ಅನ್ವಯಿಸುವುದು ಘಟಕ ಮಾಮೂಲಿಯಾಗಿ ನಡೆಯುವ ಹೊತ್ತಿಗೆ ಮಾತ್ರ. ನಿಲ್ಲಿಸುವ, ಹೊತ್ತಿಸುವ ಗಂಟೆಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಕೆಟ್ಟ ಹೊಗೆ ಏಳುವ ಹೊತ್ತಿಗೇ ರಜೆ!

ಇದಕ್ಕೆ ದಾರಿ ಇಲ್ಲ ಅಂತಲ್ಲ. ಚಿಮಣಿಗೆ ಒಂದು ಸೋಸುಕ ಜೋಡಿಸಿ, ಎರಡರಿಂದ ನಾಲ್ಕು ವಾರ ಬಿಡದೆ ಸ್ವಲ್ಪ ಸ್ವಲ್ಪ ಹೊಗೆ ಎಳೆದು, ಆಮೇಲೆ ಲ್ಯಾಬಿಗೆ ಕಳಿಸುವ ವಿಧಾನ ಇದೆ. ಬೆಲ್ಜಿಯಂನಲ್ಲಿ ಇದು ಬಹಳ ವರ್ಷಗಳಿಂದ ನಡೆದುಬಂದಿದೆ. 2019ರಲ್ಲಿ ಯುರೋಪಿನ ಒಕ್ಕೂಟವೂ ಇಂಥ ದೀರ್ಘ ಮಾದರಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು ಎಂದಿತು. ಹೊಗೆ ಏರುಪೇರಿಲ್ಲದೆ ಇದೆ ಎಂದು ತೋರಿಸಿಕೊಟ್ಟರೆ ವಿನಾಯಿತಿ. ಆ ವಿನಾಯಿತಿ ನನಗೆ ಅಷ್ಟಾಗಿ ಹಿಡಿಸಲಿಲ್ಲ, ಅದು ಬೇರೆ ಮಾತು. ಫಲಿತಾಂಶ ಕೈಗೆ ಬರುವುದು ತಡ, ನಿಜ. ಆದರೂ ಯಾವ ರಾತ್ರಿಯ ಹೊಗೆಯೂ ತಪ್ಪಿಸಿಕೊಳ್ಳುವುದಿಲ್ಲ.

ಧೂಳು, ಹೈಡ್ರೋಜನ್ ಕ್ಲೋರೈಡ್, ಕಾರ್ಬನ್ ಮಾನಾಕ್ಸೈಡ್ ಇವನ್ನೆಲ್ಲ ಹೊತ್ತುಹೊತ್ತಿಗೂ ಅಳೆಯುವ ಯಂತ್ರಗಳಿವೆ. ಅದರಲ್ಲೂ ಕಾರ್ಬನ್ ಮಾನಾಕ್ಸೈಡ್ ಒಳ್ಳೆ ಚಾಡಿಕೋರ. ಉರಿ ಕೆಟ್ಟ ಕೂಡಲೇ ಅದು ಜಿಗಿಯುತ್ತದೆ. ಆದರೆ ದಿನದ ಸರಾಸರಿ ತೆಗೆದರೆ ಆ ಜಿಗಿತ ಮಾಯ. ಹಾಗಾಗಿ ಅರ್ಧ ಗಂಟೆಯ ಅಂಕಿಗಳನ್ನೇ ಜನರಿಗೆ ಕೊಡಬೇಕು, ಯಂತ್ರ ಕೆಟ್ಟಿದ್ದ ಗಂಟೆಗಳನ್ನೂ ಸೇರಿಸಿ. ಜಪಾನಿನಲ್ಲಿ ಎಷ್ಟೋ ಘಟಕಗಳು ಹೊರಗೆ ಬೋರ್ಡು ಹಾಕಿ ಹೊಗೆಯ ಅಂಕಿ ತೋರಿಸುತ್ತವೆ. ದಾರಿಹೋಕರು ನಿಂತು ಓದಬಹುದು.

ನಾನು ಕಸ ಸುಡುವುದರ ವಿರೋಧಿಯಲ್ಲ. ಬಯಲಲ್ಲಿ ಹೊಗೆಯಾಡುವ ತಿಪ್ಪೆಗಿಂತ ನೆಟ್ಟಗೆ ನಡೆಯುವ ಕುಲುಮೆ ಎಷ್ಟೋ ವಾಸಿ. ನೆಟ್ಟಗೆ ನಡೆಯುತ್ತಿದೆ ಅಂತ ನಮಗೆ ಗೊತ್ತಾಗುವುದು ಹೇಗೆ ಅನ್ನುವುದಷ್ಟೇ ಪ್ರಶ್ನೆ.

ನಿಮ್ಮ ವರದಿಗಾರರು ಮುಂದಿನ ಸಲ ಇಂಥ ಘಟಕಕ್ಕೆ ಹೋದಾಗ ಚಿಮಣಿಯ ಫೋಟೊ ಜೊತೆಗೆ ಎರಡು ಮಾತು ಕೇಳಿಕೊಂಡು ಬರಲಿ. ಕಳೆದ ವರ್ಷ ಕುಲುಮೆ ಎಷ್ಟು ಸಲ ನಿಂತು ಹೊತ್ತಿಕೊಂಡಿತು? ಹೊಗೆ ಶುದ್ಧ ಮಾಡುವ ಸೋಸುಕದಲ್ಲಿ ಸಿಕ್ಕ ವಿಷದ ಬೂದಿ ಯಾವ ಲಾರಿಯಲ್ಲಿ ಎಲ್ಲಿಗೆ ಹೋಯಿತು?

ಇತಿ,
ನಿಮ್ಮ ಓದುಗ